ರಂಗೋಲಿ ಪುಡಿಯ ನಕ್ಷೆ

ಅರಳಿಕಟ್ಟೆಯ ಮುಂದಿನ ನೆಲವನ್ನು ಬೆಳಿಗ್ಗೆಯೇ ಗುಡಿಸಿ, ಸಗಣಿ ನೀರು ಚಿಮುಕಿಸಿ, ಒಣಗಲು ಬಿಟ್ಟಿದ್ದರು. ಆಷಾಢದ ಗಾಳಿ. ಮಳೆ ಈಗ ಬಂದೀತು, ಆಗ ಬಂದೀತು ಎಂಬಂತೆ ಮೋಡ ತೂಗುತ್ತಿತ್ತು. ಐದಾರು ಹುಡುಗಿಯರು, ಇಬ್ಬರು ಹುಡುಗರು ನೆಲಕ್ಕೆ ಬಗ್ಗಿ ರಂಗೋಲಿ ಪುಡಿ ಬಿಡುತ್ತಿದ್ದರು. ನೀಲಿಯಲ್ಲಿ ಕೆರೆ, ಹಸಿರಿನಲ್ಲಿ ತೋಟ, ಕೆಂಪಿನಲ್ಲಿ ಮನೆಗಳ ಸಾಲು, ಬಿಳಿಯಲ್ಲಿ ರಸ್ತೆ. ಇವರು ಹಾಸನದ ಕಾರೆಕೆರೆ ಕೃಷಿ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿಗಳು. ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ಹಳ್ಳಿಗೆ ಬಂದು ಉಳಿಯುತ್ತಾರೆ. ಬಂದವರು ಮೊದಲು ಮಾಡುವ ಕೆಲಸಗಳಲ್ಲಿ ಒಂದು, ಊರನ್ನು ಹೀಗೆ ಊರವರೆದುರೇ ನೆಲದ ಮೇಲೆ ಬರೆಯುವುದು.

ಸುತ್ತ ನಿಂತವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ ಅಜ್ಜಿಯೊಬ್ಬರು ತಡೆಯಲಾರದೆ ಬಾಯಿಬಿಟ್ಟರು. “ಅಲ್ಲ ಕಣವ್ವ, ಕೆರೆ ತಂದು ಮಾರಿಗುಡಿ ಹಿಂದಕ್ಕೆ ಹಾಕ್‌ಬುಟ್ಟಿದ್ದೀಯಲ್ಲ! ಮೂಡ್ಲಾಗಲ್ವಾ ಕೆರೆ ಇರಾದು?” ನೀಲಿ ಪುಡಿ ಹಿಡಿದಿದ್ದ ಹುಡುಗಿ ನಾಲಿಗೆ ಕಚ್ಚಿಕೊಂಡು ಅಂಗೈಯಲ್ಲಿ ಕೆರೆಯನ್ನು ಒರೆಸಿ ಮೂಡಣಕ್ಕೆ ಸರಿಸಿದಳು. ಅಲ್ಲಿಂದ ಮುಂದೆ ತಡೆಯೇ ಇರಲಿಲ್ಲ. ತೂಬಿನ ಜಾಗ ತಪ್ಪಾಗಿದೆ ಎಂದು ಒಬ್ಬರು, ಕೋಡಿ ಹಳ್ಳ ಬಳಸಿಕೊಂಡು ಹೋಗುವುದು ಹೀಗಲ್ಲ ಎಂದು ಇನ್ನೊಬ್ಬರು ತಾವೇ ಕೋಲು ಹಿಡಿದು ಗೀರತೊಡಗಿದರು. ಎಲ್ಲರ ಹಿಂದೆ ಸೆರಗು ಹೊದ್ದು ನಿಂತಿದ್ದ ಹೆಂಗಸೊಬ್ಬರು ಬಹಳ ಹೊತ್ತಾದ ಮೇಲೆ ಮೆಲ್ಲಗೆ ಹೇಳಿದರು: “ನಮ್ ಕಾಲೊನಿನೇ ಹಾಕಿಲ್ವಲ್ಲವ್ವ.” ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಹುಡುಗನೊಬ್ಬ ಕೆಂಪು ಪುಡಿಯ ಡಬ್ಬಿ ಎತ್ತಿಕೊಂಡು ಅವರ ಹತ್ತಿರ ಹೋದ. ಎಷ್ಟು ಮನೆ, ನಲ್ಲಿ ಎಲ್ಲಿಗೆ ನಿಂತಿದೆ, ಹಾದಿ ಎತ್ತ ಕಡೆಯಿಂದ ಎಂದು ಅವರು ಹೇಳುತ್ತ ಹೋದರು, ಅವನು ಬಿಡುತ್ತ ಹೋದ.

ಕೊನೆಗೆ ಅಜ್ಜಿ ಕಟ್ಟೆ ಇಳಿದು ಬಂದರು. ಅಂಗಳದಿಂದ ಮೂರು ಕಲ್ಲು ಆಯ್ದು ಬಿಳಿ ರಸ್ತೆಯ ಅಂಚಿಗೆ ಇಟ್ಟರು. “ಇಲ್ಲಿ ಬಸ್ ನಿಲ್ತದೆ. ನೆಳ್ಳಿಲ್ಲ. ಬರಕೊ.”

ಆ ಮೂರು ಕಲ್ಲನ್ನು ನೋಡುತ್ತಿದ್ದಾಗಲೇ ನನಗೆ ಹೇಮಗಂಗೋತ್ರಿಯ ನೆನಪಾಯಿತು.

ಹಾಸನದ ಹೊರವಲಯದ ಹೇಮಗಂಗೋತ್ರಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಬೆಳೆದ ಆವರಣ. ಈಗ ಹಾಸನ ವಿಶ್ವವಿದ್ಯಾಲಯ. ಕುವೆಂಪು ಕುಲಪತಿಗಳಾಗಿದ್ದ ಕಾಲದಲ್ಲಿ ಮೈಸೂರಿನ ಆವರಣಕ್ಕೆ ‘ಮಾನಸಗಂಗೋತ್ರಿ’ ಎಂದು ಹೆಸರಿಟ್ಟರು. ಆ ಹೆಸರಿನ ಕವಲೊಂದು ಹೇಮಾವತಿಯ ಸೀಮೆಗೆ ಬಂದು ‘ಹೇಮಗಂಗೋತ್ರಿ’ ಆಯಿತು. ಹೆಸರಿನಲ್ಲೇ ನದಿಯಿದೆ. ನದಿಯಂತೆ ಇಲ್ಲಿಗೆ ಮಕ್ಕಳು ಕವಲು ಕವಲಾಗಿ ಹರಿದು ಬರುತ್ತಾರೆ. ಈ ಆವರಣ ಮುಂದೆ ಹೇಗಿರಬೇಕು, ಯಾವ ಕಟ್ಟಡ ಎಲ್ಲಿ, ಮರ ಎಲ್ಲಿ, ನೀರು ಎಲ್ಲಿ, ಬಸ್ಸು ಎಲ್ಲಿ ಎಂಬ ನಕ್ಷೆಯನ್ನು ಬರೆಯುವವರು ಕೊಠಡಿಯ ಮೇಜಿನ ಮುಂದೆ ಕೂರುವ ಮೊದಲು ಆ ಕವಲುಗಳನ್ನು ಹಿಡಿದು ಹಿಮ್ಮುಖವಾಗಿ ಒಮ್ಮೆ ನಡೆಯಬೇಕು ಎಂದು ನನ್ನ ಆಸೆ.

ಅರಕಲಗೂಡಿನಿಂದ ಶುರುಮಾಡೋಣ. ಮಳೆಗಾಲದ ಬೆಳಿಗ್ಗೆ ಅಲ್ಲಿನ ಗಾಳಿಗೆ ಒಂದು ವಾಸನೆಯಿದೆ. ರಾಮನಾಥಪುರ, ಕೊಣನೂರಿನ ಕಡೆಯ ಹೊಗೆಸೊಪ್ಪಿನ ಬ್ಯಾರನ್‌ಗಳಲ್ಲಿ ಸೌದೆ ಉರಿಯುತ್ತಿರುತ್ತದೆ. ಹಸಿ ಎಲೆ ಬಾಡಿ ಬಂಗಾರದ ಬಣ್ಣಕ್ಕೆ ತಿರುಗುವಾಗಿನ ಸಿಹಿ ಕಮಟು ವಾಸನೆ ಬಟ್ಟೆಗೆ, ಕೂದಲಿಗೆ, ಪುಸ್ತಕದ ಹಾಳೆಗೂ ಅಂಟುತ್ತದೆ. ಬ್ಯಾರನ್ನಿನ ಬೆಂಕಿ ಆರಬಾರದು, ಏರಲೂಬಾರದು. ರಾತ್ರಿಯೆಲ್ಲ ಸರದಿಯಲ್ಲಿ ಎದ್ದು ಸೌದೆ ತಳ್ಳಬೇಕು. ಆ ಸರದಿಯಲ್ಲಿ ಮನೆಯ ಮಕ್ಕಳದೂ ಒಂದು ಪಾಲು. ರಾತ್ರಿ ಹಾಗೆ ಎದ್ದವರೇ ಬೆಳಿಗ್ಗೆ ಬಸ್ಸಿಗೆ ಓಡಿಬರುತ್ತಾರೆ. ಕಿಟಕಿಗೆ ತಲೆಯಾನಿಸಿದ ಎರಡನೇ ನಿಮಿಷಕ್ಕೆ ನಿದ್ದೆ. ಹಾಸನಕ್ಕೆ ಇರುವುದು ಸುಮಾರು 30 ಕಿಲೋಮೀಟರ್. ಗೊರೂರಿನ ಸೇತುವೆಯ ಮೇಲೆ ಬಸ್ಸು ಕುಲುಕಿದಾಗ ಕೆಲವರಿಗೆ ಎಚ್ಚರವಾಗುತ್ತದೆ, ಕೆಳಗೆ ಹೇಮಾವತಿ.

ಇದೇ ತಾಲ್ಲೂಕಿನಲ್ಲಿ ರುದ್ರಪಟ್ಟಣವಿದೆ, ಕಾವೇರಿಯ ದಡದ ಸಂಗೀತಗಾರರ ಊರು. ತಂಬೂರಿಯ ಆಕಾರದ ದೇವಸ್ಥಾನವನ್ನೇ ಕಟ್ಟಿಕೊಂಡಿದ್ದಾರೆ. ಒಂದು ವಾದ್ಯದ ಮೇಲಿನ ಪ್ರೀತಿ ಕಟ್ಟಡದ ಆಕಾರವನ್ನೇ ತೀರ್ಮಾನಿಸಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಕೊಣನೂರಿನ ಕಡೆಯವರಿಗಾದರೆ ಇನ್ನೊಂದು ಲೆಕ್ಕವೂ ಇದೆ. ಚಿಕ್ಕಅಳುವಾರದಲ್ಲಿರುವ ಕೊಡಗು ವಿಶ್ವವಿದ್ಯಾಲಯದ ಆವರಣ ಅವರಿಗೆ ದೂರವಲ್ಲ. ಜಿಲ್ಲೆಯ ಗೆರೆ ಒಂದು ಕಡೆ ಎಳೆದರೆ ಕಾಲು ಇನ್ನೊಂದು ಕಡೆ ಎಳೆಯುತ್ತದೆ. ಅವರನ್ನು ಕೇಳದೆ ಬರೆದ ನಕ್ಷೆಯಲ್ಲಿ ಈ ಎಳೆತ ಕಾಣುವುದೇ ಇಲ್ಲ.

ಹೊಳೆನರಸೀಪುರದ ಬೆಳಗು ಬೇರೆ. ಊರಿಗೆ ಹೊಳೆಯೇ ಹೆಸರು. ಮಲೆನಾಡಲ್ಲಿ ಮಳೆ ಹಿಡಿದ ವಾರಕ್ಕೆ ನೀರಿನ ಬಣ್ಣ ಕೆಂಪಾಗಿ, ಆಮೇಲೆ ಗೊರೂರಿನ ಹೇಮಾವತಿ ಅಣೆಕಟ್ಟೆಯಲ್ಲಿ ಗೇಟು ಎತ್ತಿದರೆಂಬ ಸುದ್ದಿ ಬಂದ ಕೂಡಲೇ ಜನ ಸೇತುವೆಯ ಮೇಲೆ ಬಂದು ನಿಲ್ಲುತ್ತಾರೆ. ಅಣೆಕಟ್ಟೆಯ ಗರಿಷ್ಠ ಮಟ್ಟ 2922 ಅಡಿ. ಇಂದು ಎಷ್ಟು ಎಂಬುದು ಜ್ವರದ ಅಳತೆಯಂತೆ ಬಾಯಿಂದ ಬಾಯಿಗೆ ಓಡಾಡುವ ದಿನಗಳು. ಮೈಸೂರಿನಿಂದ ಅರಸೀಕೆರೆಗೆ ಹೋಗುವ ರೈಲುಹಾದಿ ಇಲ್ಲಿ ಹಾಯುತ್ತದೆ. ಹಾಗಾಗಿ ಈ ಊರಿನ ಮಕ್ಕಳಿಗೆ ಎರಡು ದಿಕ್ಕು: ರೈಲು ಹತ್ತಿ ಮೈಸೂರಿಗೆ, ಇಲ್ಲವೇ ಬಸ್ಸಿಗೋ ರೈಲಿಗೋ ಹಾಸನಕ್ಕೆ. ಹಳೆಯ ತಲೆಮಾರು ಮೈಸೂರಿಗೇ ಹೋಯಿತು. ಇದೇ ಊರಿನಲ್ಲಿ ಸಚ್ಚಿದಾನಂದೇಂದ್ರ ಸರಸ್ವತಿಗಳ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವಿದೆ. ಶಂಕರಭಾಷ್ಯವನ್ನು ಕನ್ನಡದಲ್ಲಿ ಓದಬೇಕೆನ್ನುವವರಿಗೆ ಇಲ್ಲಿಂದ ಪುಸ್ತಕ ಹೋಗುತ್ತದೆ. ಹೆಣ್ಣುಮಕ್ಕಳ ಸರ್ಕಾರಿ ಗೃಹವಿಜ್ಞಾನ ಕಾಲೇಜೂ ಇದೆ. ಓದು ಈ ಊರಿಗೆ ಹೊಸದಲ್ಲ. ದೂರ ಹೋಗದೆ ಮುಂದೆ ಓದುವುದು ಹೊಸದು.

ಚನ್ನರಾಯಪಟ್ಟಣದ ಕಡೆಯಿಂದ ಬರುವ ಬಸ್ಸಿನ ಮಾಡಿನ ಮೇಲೆ ಮಳೆಯ ಸದ್ದು ಕಡಿಮೆ. ಸಕಲೇಶಪುರದಲ್ಲಿ ಧಾರಾಕಾರ ಸುರಿಯುವ ಮೋಡ ಇಲ್ಲಿಗೆ ಬರುವ ಹೊತ್ತಿಗೆ ಬರಿಗೈ. ತೆಂಗು, ರಾಗಿ, ಒಣಗಿದ ಕೆರೆಯಂಗಳ. ಬಾಗೂರು–ನವಿಲೆ ಸುರಂಗದಲ್ಲಿ ಹೇಮಾವತಿ ಇವರ ನೆಲದಡಿಯಲ್ಲೇ ಹಾದು ತುಮಕೂರಿನ ಕಡೆಗೆ ಹೋಗುತ್ತಾಳೆ. ಮೇಲೆ ನಿಂತವರು ಮೋಡ ನೋಡುತ್ತಾರೆ. ನೀರಿನ ಬೆಲೆ ಈ ತಾಲ್ಲೂಕಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಡ ತೊಳೆದ ನೀರನ್ನು ಕರಿಬೇವಿನ ಬುಡಕ್ಕೆ ಹಾಕುವ ಕೈಗಳು ಇವು. ಆವರಣದಲ್ಲಿ ಬಿದ್ದ ಮಳೆಹನಿ ಎಲ್ಲಿ ಇಂಗಬೇಕು ಎಂದು ಕೇಳುವುದಾದರೆ ಮೊದಲು ಇವರನ್ನೇ ಕೇಳಬೇಕು. ಎಸ್.ಎಲ್. ಭೈರಪ್ಪನವರ ಸಂತೇಶಿವರ ಇದೇ ತಾಲ್ಲೂಕಿನದು. ಆ ಹುಡುಗ ಓದಿಗಾಗಿ ಊರೂರು ಅಲೆದು ಮೈಸೂರು ಸೇರಿದ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಇವತ್ತು ಸಂತೇಶಿವರದ ಹುಡುಗಿ ಬೆಳಿಗ್ಗೆ ಹೊರಟು, ಶಾಂತಿಗ್ರಾಮ ದಾಟಿ, ತರಗತಿ ಮುಗಿಸಿ, ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಬರಬಹುದು ಎಂಬ ಆ ಒಂದು ಪದದೊಳಗೇ ಒಂದು ವಿಶ್ವವಿದ್ಯಾಲಯದ ಅರ್ಥವೆಲ್ಲ ಇದೆ ಎಂದು ನಾನು ನಂಬಿದ್ದೇನೆ.

ಮೂರೂ ದಿಕ್ಕಿನ ಬಸ್ಸುಗಳು ಹಾಸನದ ಬಸ್‌ಸ್ಟ್ಯಾಂಡಿಗೆ ಬಂದು ನಿಲ್ಲುವ ಹೊತ್ತನ್ನು ನೋಡಬೇಕು. ಒದ್ದೆ ಕೊಡೆಗಳು, ಎದೆಗವಚಿದ ಬ್ಯಾಗುಗಳು, ಜಡೆಗೆ ಮುಡಿದ ಕನಕಾಂಬರ, ಬ್ಯಾಗಿನೊಳಗಿನ ಡಬ್ಬಿಯಿಂದ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಯ ವಾಸನೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಕಂಡಕ್ಟರಿಗೆ ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಬಸ್ಸಿನ ಖರ್ಚಿಗೆ ಅಣ್ಣನನ್ನೋ ಅಪ್ಪನನ್ನೋ ಕೇಳಬೇಕಾಗಿದ್ದ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ಟಿಕೆಟ್ಟಿನ ಚಿಂತೆ ತೀರಿತು. ಉಳಿದದ್ದು ಹೊತ್ತಿನ ಚಿಂತೆ. ಇಳಿದವರು ಹೇಮಗಂಗೋತ್ರಿಗೆ ಮತ್ತೊಂದು ಬಸ್ಸು ಹಿಡಿಯಬೇಕು, ಇಲ್ಲವೇ ಆಟೋದಲ್ಲಿ ಒತ್ತಿ ಕೂರಬೇಕು. ಸಂಜೆ ಇದೇ ಸರಪಳಿ ತಿರುಗುಮುರುಗು. ಊರಿಗೆ ಹೋಗುವ ಕೊನೆಯ ಬಸ್ಸಿನ ಹೊತ್ತು ಇವರಿಗೆಲ್ಲ ಬಾಯಿಪಾಠ. ಗ್ರಂಥಾಲಯ ಎಷ್ಟು ಗಂಟೆಯವರೆಗೆ ತೆರೆದಿರಬೇಕು ಎಂಬ ಪ್ರಶ್ನೆಗೆ ಉತ್ತರ ಆಡಳಿತ ಕಚೇರಿಯಲ್ಲಿ ಸಿಗುವುದಿಲ್ಲ, ಆ ಬಸ್ಸಿನ ಹೊತ್ತಿನಲ್ಲಿದೆ.

ಈ ವಿಶ್ವವಿದ್ಯಾಲಯ ಹುಟ್ಟಿದ ಬಗೆಯನ್ನು ಇಲ್ಲಿ ಹೇಳಲೇಬೇಕು. 2023ರ ಮಾರ್ಚ್‌ನಲ್ಲಿ ರಾಜ್ಯದಲ್ಲಿ ಏಳು ಹೊಸ ವಿಶ್ವವಿದ್ಯಾಲಯಗಳು ಒಟ್ಟಿಗೆ ಶುರುವಾದವು: ಹಾಸನ, ಚಾಮರಾಜನಗರ, ಕೊಡಗು, ಹಾವೇರಿ, ಕೊಪ್ಪಳ, ಬಾಗಲಕೋಟೆ, ಬೀದರ್. ಹೊಸ ಜಮೀನು ಬೇಡ, ಹೊಸ ಕಟ್ಟಡ ಬೇಡ, ಇರುವ ಕೇಂದ್ರಗಳನ್ನೇ ಬಳಸಿಕೊಂಡು ಕಡಿಮೆ ಖರ್ಚಿನಲ್ಲಿ ನಡೆಸೋಣ ಎಂಬುದು ಆಗಿನ ಸರ್ಕಾರದ ವಿಚಾರ. ಹುಟ್ಟುವಾಗಲೇ ‘ನಿನಗೆ ನಕ್ಷೆಯ ಅಗತ್ಯವಿಲ್ಲ’ ಎಂದು ಹೇಳಿದಂತಾಯಿತು. ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರುವರಿಯಲ್ಲಿ, ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅಧ್ಯಕ್ಷತೆಯ ಸಂಪುಟ ಉಪಸಮಿತಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತಾಡಿತು. ಪಟ್ಟಿಯಲ್ಲಿ ಹಾಸನವೂ ಇತ್ತು. ಹಣವಿಲ್ಲ, ಜಮೀನು ಸಾಲದು, ಸಿಬ್ಬಂದಿ ಇಲ್ಲ ಎಂಬವು ಕಾರಣಗಳು. ಜಮೀನು ಬೇಡವೆಂದು ಹುಟ್ಟಿಸಿದ್ದನ್ನು ಜಮೀನಿಲ್ಲವೆಂದು ಮುಚ್ಚುವುದು! ವಿದ್ಯಾರ್ಥಿಗಳು ಫಲಕ ಹಿಡಿದು ಬಿಸಿಲಿಗೆ ಬಂದರು. ಆ ಹೊತ್ತಿನಲ್ಲಿ ಯಾರೂ ಕರೆಯದೆಯೇ ಒಂದು ಜನಾಭಿಪ್ರಾಯ ಸಭೆ ಬೀದಿಯಲ್ಲಿ ನಡೆದುಹೋಯಿತು ಎಂದೇ ನನಗೆ ಅನ್ನಿಸುತ್ತದೆ. ಆವರಣ ಬೇಕೋ ಬೇಡವೋ ಎಂಬ ಮೊದಲ ಪ್ರಶ್ನೆಗೆ ಅವರು ಉತ್ತರ ಕೊಟ್ಟಾಗಿದೆ. ಹೇಗಿರಬೇಕು ಎಂಬ ಎರಡನೆಯ ಪ್ರಶ್ನೆಯನ್ನು ಅವರಿಗೆ ಕೇಳುವುದು ಬಾಕಿ.

ಕೇಳದೆ ಬರೆದ ನಕ್ಷೆ ಏನು ಮಾಡುತ್ತದೆಂದು ಈ ಜಿಲ್ಲೆಗೆ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಶೆಟ್ಟಿಹಳ್ಳಿಗೆ ಹೋಗಿ ನಿಂತರೆ ಹಿನ್ನೀರು ಇಳಿದ ಬಯಲಿನ ನಡುವೆ ಮಾಡಿಲ್ಲದ ಇಗರ್ಜಿ, ಅದರ ಕಮಾನುಗಳು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿದ್ದು. ನೋಡಬಂದವರು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಆದರೆ ಆ ನೀರಿನಡಿ ಗದ್ದೆಗಳಿದ್ದವು, ಹಿತ್ತಿಲುಗಳಿದ್ದವು, ಹಿರಿಯರ ಸಮಾಧಿಗಳಿದ್ದವು. 1979ರಲ್ಲಿ ಪೂರ್ತಿಯಾದ ಹೇಮಾವತಿ ಅಣೆಕಟ್ಟೆ ಲಕ್ಷಾಂತರ ಎಕರೆಗೆ ನೀರು ಕೊಟ್ಟಿತು, ನಿಜ. ಮುಳುಗಡೆಯವರಿಗೆ ಕೊಡಬೇಕಾದ ಜಮೀನಿನ ಕಡತಗಳು ಮಾತ್ರ ಒಂದು ತಲೆಮಾರು ಕಳೆದರೂ ಕಚೇರಿಯಿಂದ ಕಚೇರಿಗೆ ಅಲೆದವು. ನೀಲಿ ಶಾಯಿಯಲ್ಲಿ ಒಂದು ಗೆರೆ ಎಳೆದರೆ ಯಾವ ಹೊಸ್ತಿಲು ಆ ಗೆರೆಯ ಕೆಳಗೆ ಬೀಳುತ್ತದೆ ಎಂದು ಇಲ್ಲಿಯ ಹಿರಿಯರು ಬಲ್ಲರು. ಆ ನದಿಯ ಹೆಸರು ಹೊತ್ತ ಆವರಣ ಆ ನೆನಪನ್ನು ಮರೆಯಬಾರದು. ನಾಳೆ ಆವರಣ ಹಿಗ್ಗುವುದಾದರೆ ಬೇಲಿಯಾಚೆಯ ಹೊಲದವರ ಮಾತು ಮೊದಲು ಬರಬೇಕು. ಜೋಳ ಬಿತ್ತಿದವರದೂ, ಆಲೂಗೆಡ್ಡೆ ಹಾಕಿದವರದೂ, ಅಲ್ಲಿ ಕೂಲಿಗೆ ಬರುವವರದೂ.

ಹೊರಗಿನ ಒಂದು ಮಾತು ನೆನಪಾಗುತ್ತದೆ. ಅಮೆರಿಕದ ಯೂಜೀನ್ ಎಂಬ ಊರಿನಲ್ಲಿ ಒರೆಗಾನ್ ವಿಶ್ವವಿದ್ಯಾಲಯವಿದೆ. 1970ರ ಸುಮಾರಿಗೆ ಅಲ್ಲಿ ವಿದ್ಯಾರ್ಥಿಗಳಿಗೂ ಆಡಳಿತಕ್ಕೂ ತಿಕ್ಕಾಟವಾದಾಗ ಕ್ರಿಸ್ಟೋಫರ್ ಅಲೆಕ್ಸಾಂಡರ್ ಎಂಬ ವಾಸ್ತುಶಿಲ್ಪಿಯನ್ನು ಕರೆಸಿದರು. ಮುಂದಿನ ಇಪ್ಪತ್ತು ವರ್ಷಗಳ ನಕ್ಷೆಯನ್ನು ಇವತ್ತೇ ಬರೆದು ಮುಗಿಸುವ ಪದ್ಧತಿಯೇ ತಪ್ಪು ಎಂದು ಅವರು ಹೇಳಿದರು. ಕಟ್ಟಡದಲ್ಲಿ ಬದುಕುವವರೇ ಅದರ ರೂಪ ಹೇಳಲಿ. ಒಂದು ದೊಡ್ಡ ಕಟ್ಟಡಕ್ಕೆ ಹಣವೆಲ್ಲ ಸುರಿಯುವ ಬದಲು ಸಣ್ಣ ಸಣ್ಣ ಕೆಲಸಗಳಿಗೆ ಹಂಚಲಿ. ವರ್ಷಕ್ಕೊಮ್ಮೆ ಆವರಣವನ್ನು ವೈದ್ಯರು ರೋಗಿಯನ್ನು ನೋಡುವಂತೆ ನೋಡಿ, ಎಲ್ಲಿ ಜೀವವಿದೆ, ಎಲ್ಲಿ ಬತ್ತಿದೆ ಎಂದು ಗುರುತಿಸಲಿ. 1975ರಲ್ಲಿ ಪುಸ್ತಕವಾಗಿ ಬಂದ ಈ ಮಾತುಗಳನ್ನು ಓದುವಾಗ ನನಗೆ ಪರದೇಶದ್ದೆನ್ನಿಸಲಿಲ್ಲ. ನಮ್ಮ ಮನೆಗಳೂ ಹೀಗೆಯೇ ಬೆಳೆದವು. ಮಗನ ಮದುವೆಗೆ ಒಂದು ಅಂಕಣ, ಹಸು ಬಂದಾಗ ಕೊಟ್ಟಿಗೆ, ಮಳೆ ಎರಚಲು ಹೊಡೆದ ವರ್ಷ ಒಂದು ಚಾಚು. ಹಣವಿಲ್ಲವೆಂಬ ಕಾರಣಕ್ಕೆ ಮುಚ್ಚುವ ಮಾತು ಕೇಳಿದ ಹಾಸನಕ್ಕೆ ಈ ದಾರಿ ಇನ್ನಷ್ಟು ಹೊಂದುತ್ತದೆ. ಮೂರು ಮಹಡಿಯ ಭವನಕ್ಕೆ ಕಾಯಬೇಕಾದೀತು. ಹತ್ತು ಹೊಂಗೆ ಸಸಿಗೆ, ಒಂದು ತಂಗುದಾಣಕ್ಕೆ, ಹೆಣ್ಣುಮಕ್ಕಳು ಡಬ್ಬಿ ಬಿಚ್ಚಿ ಕೂತು ಉಣ್ಣುವ ಒಂದು ಜಗಲಿಗೆ, ಕೈ ತೊಳೆಯುವ ನಲ್ಲಿಗೆ ಕಾಯಬೇಕಾಗಿಲ್ಲ.

ಹೇಮಗಂಗೋತ್ರಿಯ ಮಧ್ಯಾಹ್ನ. ತರಗತಿ ಬಿಟ್ಟಿದೆ. ಮಳೆ ನಿಂತು ಹುಲ್ಲಿನ ಮೇಲೆ ಎಳೆ ಬಿಸಿಲು. ಕಟ್ಟಡದಿಂದ ಕಟ್ಟಡಕ್ಕೆ ರಸ್ತೆ ಬಳಸಿ ಹೋಗುತ್ತದೆ, ಮಕ್ಕಳು ಬಳಸುವುದಿಲ್ಲ. ಹುಲ್ಲಿನ ನಡುವೆ ಅವರ ಕಾಲು ತುಳಿದ ಹಾದಿ ಕೆಂಪಗೆ ನೇರವಾಗಿ ಹೋಗಿದೆ. ಅಲ್ಲಲ್ಲಿ ಕೆಸರು, ಕೆಸರಿನ ಮೇಲೆ ಯಾರೋ ಇಟ್ಟ ಇಟ್ಟಿಗೆ ತುಂಡು. ಒಂದು ಮರದಡಿ ನಾಲ್ವರು ಕೂತು ಒಂದೇ ನೋಟ್ಸಿನ ನಾಲ್ಕು ಹಾಳೆ ಹಂಚಿಕೊಂಡಿದ್ದಾರೆ. ಆಚೆಯ ಮರದಡಿ ಯಾರೂ ಇಲ್ಲ, ಅಲ್ಲಿ ಇರುವೆ. ಮೆಟ್ಟಿಲ ಮೇಲೆ ಅತಿಥಿ ಉಪನ್ಯಾಸಕರೊಬ್ಬರು ಗೋಡೆಗೊರಗಿ ಚಹಾ ಕುಡಿಯುತ್ತ ಇಬ್ಬರು ವಿದ್ಯಾರ್ಥಿಗಳ ಪ್ರಶ್ನೆಗೆ ಉತ್ತರ ಹೇಳುತ್ತಿದ್ದಾರೆ. ಕೂರಲು ಅವರಿಗೆ ಬೇರೆ ಜಾಗ ಬೇಕು, ಆದರೆ ಆ ಮೆಟ್ಟಿಲೂ ಬೇಕು. ನಕ್ಷೆ ಬರೆಯುವವರು ಒಂದು ವಾರ ಇಲ್ಲಿ ಸುಮ್ಮನೆ ಕೂತು ನೋಡಿದರೆ ಅರ್ಧ ನಕ್ಷೆ ನೆಲವೇ ಬರೆದುಕೊಡುತ್ತದೆ.

ಉಳಿದರ್ಧಕ್ಕೆ ಹೊರಗೆ ಹೋಗಬೇಕು. ಕಚೇರಿಯ ಗೋಡೆಗೆ ಸಲಹಾ ಪೆಟ್ಟಿಗೆ ನೇತುಹಾಕಿ, ಪತ್ರಿಕೆಯಲ್ಲಿ ಒಂದು ಪ್ರಕಟಣೆ ಕೊಟ್ಟು, ಇಂತಿಷ್ಟು ದಿನದೊಳಗೆ ಆಕ್ಷೇಪಣೆ ಸಲ್ಲಿಸಿ ಎಂದರೆ ಬ್ಯಾರನ್ನಿಗೆ ಸೌದೆ ಹಾಕುವವರು ಬರೆದು ಕಳಿಸುತ್ತಾರೆಯೇ? ರಾಮನಾಥಪುರದ ಹೊಗೆಸೊಪ್ಪು ಹರಾಜು ಮಾರುಕಟ್ಟೆಯಲ್ಲಿ ರೈತರು ಸರದಿ ಕಾಯುತ್ತ ಗಂಟೆಗಟ್ಟಲೆ ಕೂತಿರುತ್ತಾರೆ. ಅಲ್ಲಿ ಒಂದು ಮೂಲೆಯಲ್ಲಿ ನೆಲ ಗುಡಿಸಿ ಪುಡಿ ಬಿಡಬಹುದು. ಹೊಳೆನರಸೀಪುರದ ರೈಲು ನಿಲ್ದಾಣದ ಹೊರಗೆ, ಚನ್ನರಾಯಪಟ್ಟಣದ ಸಂತೆಯಲ್ಲಿ, ಅರಕಲಗೂಡಿನ ಪ್ರಥಮ ದರ್ಜೆ ಕಾಲೇಜಿನ ಅಂಗಳದಲ್ಲಿ, ನಾಳೆ ಹೇಮಗಂಗೋತ್ರಿಗೆ ಬರಬೇಕಾದ ಬಿ.ಎ., ಬಿ.ಕಾಂ. ಮಕ್ಕಳ ನಡುವೆ ಬಿಡಬಹುದು. ವಿಧಾನ ಹುಡುಕಲು ದೂರ ಹೋಗಬೇಕಿಲ್ಲ. ಕಾರೆಕೆರೆಯ ಹುಡುಗ ಹುಡುಗಿಯರಿಗೆ ಪುಡಿ ಬಿಡಲೂ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ತಪ್ಪೆಂದಾಗ ಅಂಗೈಯಲ್ಲಿ ಒರೆಸಲೂ ಬರುತ್ತದೆ.

ಕೇಳಿದರೆ ಏನು ಹೇಳಿಯಾರು? ನಾನು ಊಹಿಸುವುದಕ್ಕಿಂತ ಕೇಳುವುದೇ ಸರಿ. ಆದರೂ ಬಸ್ಸಿನಲ್ಲಿ ಪಕ್ಕ ಕೂತ ಒಬ್ಬ ತಾಯಿ ಒಮ್ಮೆ ಹೇಳಿದ್ದು ಮರೆತಿಲ್ಲ. ಮಗಳು ಎಂ.ಎ. ಓದುತ್ತಿದ್ದಳಂತೆ. “ಒಳಗೆ ಏನ್ ಕಟ್ತಾರೋ ಕಟ್ಲಿ ಕಣಣ್ಣ. ಗೇಟ್‌ನಿಂದ ಬಸ್ ನಿಲ್ಲೋ ತಾವಿಗೆ ದೀಪ ಇದ್ರೆ ಸಾಕು ನಂಗೆ.” ಭೂದೃಶ್ಯ, ಹಸಿರು ವಲಯ, ಶೈಕ್ಷಣಿಕ ವಲಯ ಎಂಬ ದೊಡ್ಡ ಮಾತುಗಳ ನಕ್ಷೆಗಳಲ್ಲಿ ಆ ದೀಪಕ್ಕೆ ಒಂದು ಚುಕ್ಕಿಯನ್ನಾದರೂ ಇಟ್ಟಿರುತ್ತಾರೆಯೇ ಎಂದು ಆಮೇಲೆ ನಾನು ಕಂಡ ಪ್ರತಿ ನಕ್ಷೆಯಲ್ಲೂ ಹುಡುಕಿದ್ದೇನೆ.

ಮೈಸೂರಿನ ಮಾನಸಗಂಗೋತ್ರಿಯ ಪಕ್ಕದ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಮುಂಜಾನೆ ನಡೆಯುವವರಲ್ಲಿ ಹೆಚ್ಚಿನವರು ಆ ಆವರಣದಲ್ಲಿ ಓದಿದವರೂ ಅಲ್ಲ, ಪಾಠ ಹೇಳುವವರೂ ಅಲ್ಲ. ಪಿಂಚಣಿದಾರರು, ಗೃಹಿಣಿಯರು, ಹಕ್ಕಿ ನೋಡುವ ಹುಡುಗರು. ಆದರೂ ಆ ಕೆರೆಗೆ ಕುತ್ತು ಬಂತೆಂದರೆ ಅವರು ಸುಮ್ಮನಿರುವುದಿಲ್ಲ, ನಡೆದು ನಡೆದು ಅದು ಅವರದೇ ಆಗಿದೆ. ಹಾಸನದವರಿಗೂ ಹೇಮಗಂಗೋತ್ರಿಯಲ್ಲಿ ಅಂಥದೊಂದು ಹಾದಿ ಬೇಕು. ಭಾನುವಾರ ಮೊಮ್ಮಗನ ಕೈಹಿಡಿದು ಬರಬಹುದಾದ ಹಾದಿ. ಹಾಸನದ ಕತೆಗಾರ್ತಿ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಬಂದಾಗ ಊರೇ ಹಿಗ್ಗಿತು. ಅಂಥ ಸಂಜೆಗಳಲ್ಲಿ ಊರಿನ ಜನ, ಕತೆ ಕೇಳಲು ಬಂದ ಹಳ್ಳಿಯ ಮಕ್ಕಳು ಒಟ್ಟಿಗೆ ಕೂರುವ ಒಂದು ಬಯಲು ಅಲ್ಲಿ ಇರಲಿ. ಕಲ್ಲಿನ ಮೆಟ್ಟಿಲು, ಮೇಲೆ ಮರ. ಹೊಯ್ಸಳರ ನೆಲದಲ್ಲಿ ಕಲ್ಲಿಗೆ ಬರವೇ.

ಸಂಜೆ ಆ ಹಳ್ಳಿಯ ಹಾದಿಯಲ್ಲೇ ಮರಳಿದೆ. ಮಧ್ಯಾಹ್ನದ ನಂತರ ಅಲ್ಲಿ ಜೋರು ಮಳೆ ಬಿದ್ದಿತ್ತು. ಅರಳಿಕಟ್ಟೆಯ ಮುಂದೆ ನೀಲಿ, ಹಸಿರು, ಕೆಂಪು ಎಲ್ಲ ಕಲೆಸಿ ಒಂದು ಸಣ್ಣ ಕಾಲುವೆಯಾಗಿ ಚರಂಡಿಯ ಕಡೆಗೆ ಹರಿದುಹೋಗಿದ್ದವು. ಅಜ್ಜಿ ಇಟ್ಟ ಮೂರು ಕಲ್ಲು ಇಟ್ಟಲ್ಲೇ ಇದ್ದವು. ಆಚೆ ರಸ್ತೆಯಂಚಿನಲ್ಲಿ, ನಿಜವಾದ ಬಸ್ಸು ನಿಲ್ಲುವ ಜಾಗದಲ್ಲಿ, ಇಬ್ಬರು ಹೆಣ್ಣುಮಕ್ಕಳು ಒಂದೇ ಕೊಡೆಯಡಿ ನಿಂತು ತಿರುವಿನ ಕಡೆ ನೋಡುತ್ತಿದ್ದರು.